ಪೋರ್ತುಗಾಲು ಗೆದ್ದ ಸಂಜೆ ಉದ್ದು ರುಬ್ಬಿದವರು

ನಾನು ಮದುವೆಯಾಗಿ ಶಿರಾಲಿಗೆ ಬಂದದ್ದು ಅರವತ್ತಾರರ ಬೇಸಿಗೆಯಲ್ಲಿ. ಕುಮಟೆಯ ಹತ್ತಿರದ ಕಾಗಾಲ ನನ್ನ ತವರು. ಅಲ್ಲಿ ಚೆಂಡು ಅಂದರೆ ಗದ್ದೆ ಕೊಯ್ಲಾದ ಮೇಲೆ ಹುಡುಗರು ಹಳೆ ಬಟ್ಟೆ ಸುತ್ತಿ ಮಾಡಿಕೊಳ್ಳುತ್ತಿದ್ದ ಉಂಡೆ. ಅದನ್ನು ಒದೆಯುವುದಕ್ಕಾಗಿ ದೇಶದೇಶದವರು ವಿಮಾನ ಹತ್ತಿ ಒಂದೆಡೆ ಸೇರುತ್ತಾರೆ, ಸೋತವರು ದೊಡ್ಡ ಗಂಡಸರಾಗಿಯೂ ಎಲ್ಲರೆದುರು ಅಳುತ್ತಾರೆ ಎಂಬುದು ನನಗೆ ಗೊತ್ತಾದದ್ದು ಗಂಡನ ಮನೆಗೆ ಬಂದ ಮೇಲೆಯೇ.

ಆ ಮನೆಗೆ ಫುಟ್‌ಬಾಲಿನ ಹುಚ್ಚು ತಂದವರು ಮಾವ. ಪೋರ್ತುಗೀಸರ ಕಾಲದಲ್ಲಿ ಅವರು ಗೋವೆಯ ಮುರಗಾಂವ ಬಂದರಿನಲ್ಲಿ ಗುಮಾಸ್ತರಾಗಿದ್ದರು. ಭಾನುವಾರ ಹಡಗಿನವರಿಗೂ ಊರಿನವರಿಗೂ ಪಂದ್ಯ ನಡೆಯುತ್ತಿತ್ತಂತೆ. ಒಮ್ಮೆ ಆಳು ಕಡಿಮೆ ಬಿದ್ದು ಇವರನ್ನೇ ಗೋಲಿನಲ್ಲಿ ನಿಲ್ಲಿಸಿದರಂತೆ. ಎಷ್ಟು ಗೋಲು ಬಿಟ್ಟುಕೊಟ್ಟರು ಎಂಬುದನ್ನು ಮಾತ್ರ ಅವರು ಯಾವತ್ತೂ ಹೇಳಿದವರಲ್ಲ. ಆಮೇಲೆ ಗಡಿಯಲ್ಲಿ ಗಲಾಟೆಯಾಗಿ ಓಡಾಟ ನಿಂತುಹೋಯಿತು, ಮಾವ ಅಲ್ಲೇ ಸಿಕ್ಕಿಕೊಂಡರು. ಅತ್ತೆ ಇತ್ತ ಶಿರಾಲಿಯಲ್ಲಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಒಬ್ಬರೇ ವರ್ಷಗಟ್ಟಲೆ ದಿನ ದೂಡಿದರು. ಮಾವ ಕೊನೆಗೂ ಊರು ಸೇರಿದ್ದು ಉಟ್ಟ ಬಟ್ಟೆಯಲ್ಲಿ. ಪೆಟ್ಟಿಗೆ ಅಲ್ಲೇ ಉಳಿಯಿತು.

ಇಷ್ಟಾದರೂ ಅವರು ಪೋರ್ತುಗಾಲಿನ ಆಟಗಾರರನ್ನು ಬಿಟ್ಟುಕೊಡುತ್ತಿರಲಿಲ್ಲ.

"ಸರ್ಕಾರ ಬೇರೆ, ಕಾಲು ಬೇರೆ," ಎನ್ನುತ್ತಿದ್ದರು.

"ಎರಡೂ ಒಂದೇ ಮೈಯದ್ದಲ್ದ?" ಎಂದು ಅತ್ತೆ ಅಡಿಗೆಮನೆಯಿಂದಲೇ ಕೇಳುತ್ತಿದ್ದರು.

ಆ ಮಳೆಗಾಲ ಇಂಗ್ಲೆಂಡಿನಲ್ಲಿ ವಿಶ್ವಕಪ್ಪು. ನಮ್ಮ ಮನೆಯ ಜಗಲಿಯಲ್ಲಿ ಚಹಾ ಕುಡಿಯುವಾಗೆಲ್ಲ ಯಾರು ಗೆಲ್ಲುತ್ತಾರೆ, ಯಾರು ಸೋಲುತ್ತಾರೆ ಎಂಬುದೇ ಮಾತು. ನನ್ನ ಯಜಮಾನರು ಶಾಲೆಯಲ್ಲಿ ಇಂಗ್ಲಿಷ್ ಮಾಸ್ತರರು. ಅವರು ಪೇಪರು ಓದಿ ಲೆಕ್ಕ ಹಾಕಿ ಹೇಳುವವರು. ಮಾವ ಅನುಭವದಿಂದ ಹೇಳುವವರು. ನಾದಿನಿ ಭೂಪಟದಲ್ಲಿ ಯಾವ ದೇಶದ ಬಣ್ಣ ಚೆಂದವೋ ಅದನ್ನು ಹೇಳುವವಳು. ಮೂವರೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ತಪ್ಪುತ್ತಿದ್ದರು.

ಒಂದು ದಿನ ಅತ್ತೆಗೆ ರೇಗಿತು. ಒಳಗೆ ನಾವಿಬ್ಬರೂ ಬೆನ್ನು ಬಗ್ಗಿಸಿ ರುಬ್ಬುತ್ತಿದ್ದೆವು, ಹೊರಗೆ ಬ್ರೆಜಿಲ್ಲು, ಹಂಗೇರಿ ಎಂದು ಮನೆ ಹಾರಿಹೋಗುವ ಹಾಗೆ ವಾದ. ಅತ್ತೆ ಹಿಟ್ಟಿನ ಕೈಯಲ್ಲೇ ಜಗಲಿಗೆ ಹೋದರು.

"ಕಟ್ಟೆ ಮೇಲೆ ಕೂತು ಬಾಯಲ್ಲೇ ಚೆಂಡು ಒದೀತ್ರಿ. ಹೇಳೂದು ತಪ್ಪಿದ್ರೆ ನಿಮಗೆಂತ ನಷ್ಟ? ಇವತ್ತಿಂದ ಯಾರ ಮಾತು ಸುಳ್ಳಾಗ್ತದೋ ಅವರು ಒರಳಿಗೆ ಕೂತ್ಕಳ್ಳೂದು. ಆತಾ?"

"ಆತು," ಎಂದರು ಮಾವ. ಅವರಿಗೆ ಸೋಲುವ ಯೋಚನೆಯೇ ಇರಲಿಲ್ಲ.

ಮಾರನೆಯ ದಿನವೇ ಅವರು ನಂಬಿದ್ದ ಬ್ರೆಜಿಲ್ಲು ಹಂಗೇರಿಯ ಕೈಯಲ್ಲಿ ಸೋತ ಸುದ್ದಿ ಬಂತು. ಮಾವ ಪಂಚೆ ಎತ್ತಿ ಕಟ್ಟಿ ಒರಳಿನ ಮುಂದೆ ಕೂತರು. ಗುಂಡನ್ನು ಯಾವ ಕೈಯಲ್ಲಿ ತಿರುಗಿಸಬೇಕು, ಯಾವ ಕೈಯಲ್ಲಿ ಹಿಟ್ಟು ಒಳಗೆ ತಳ್ಳಬೇಕು ಎಂದು ತಿಳಿಯದೆ ಬೆರಳು ಜಜ್ಜಿಕೊಂಡರು. ಆ ದಿನದ ದೋಸೆಯಲ್ಲಿ ಹಲ್ಲಿಗೆ ಅಕ್ಕಿ ಸಿಗುತ್ತಿತ್ತು.

ನನ್ನನ್ನು ಈ ಆಟಕ್ಕೆ ಎಳೆದದ್ದು ಇಟಲಿ ಮತ್ತು ಉತ್ತರ ಕೊರಿಯದ ಪಂದ್ಯದ ದಿನ. ಎಲ್ಲರೂ ಇಟಲಿ ಎಂದರು. ಮಾವ ಹೊಸ ಸೊಸೆಯ ಮರ್ಯಾದೆಗೆಂದು, "ತಂಗೀ, ನೀ ಎಂತ ಹೇಳ್ತೆ?" ಎಂದು ಕೇಳಿದರು.

ಇಟಲಿಯ ವಿಷಯ ನನಗೆ ಏನೂ ಗೊತ್ತಿರಲಿಲ್ಲ. ಕೊರಿಯದ್ದು ಸ್ವಲ್ಪ ಗೊತ್ತಿತ್ತು. ನಮ್ಮ ಕೇರಿಯವರೊಬ್ಬರು ಪಲ್ಟನ್ನಿನಲ್ಲಿದ್ದು ಕೊರಿಯಕ್ಕೆ ಹೋಗಿಬಂದಿದ್ದರು. ಅಲ್ಲಿನ ಜನ ಬೆನ್ನಿಗೆ ಮೂಟೆ ಕಟ್ಟಿಕೊಂಡು ಹಿಮದಲ್ಲಿ ಗುಡ್ಡ ಹತ್ತಿ ಇಳಿಯುತ್ತಾರೆ, ಏದುಸಿರು ಬಿಡುವುದಿಲ್ಲ ಎಂದು ಹೇಳುತ್ತಿದ್ದರು.

"ಕೊರಿಯ," ಎಂದೆ. "ಹೊರೆ ಹೊತ್ತು ಗುಡ್ಡ ಹತ್ತೋರು ಬರಿಗೈಯಲ್ಲಿ ಓಡೂಕೆ ಸೋಲ್ತಾರಾ?"

ಎಲ್ಲರೂ ನಕ್ಕರು. ಯಜಮಾನರು ನಾಚಿಕೆಯಿಂದ ಪೇಪರು ಮುಖಕ್ಕೆ ಹಿಡಿದುಕೊಂಡರು. ಮರುದಿನ ಬೆಳಗಿನ ವಾರ್ತೆಯಲ್ಲಿ ಕೊರಿಯ ಒಂದು ಗೋಲಿನಿಂದ ಗೆದ್ದಿದೆ ಎಂದಾಗ ಮಾವ ಟ್ರಾನ್ಸಿಸ್ಟರನ್ನೇ ಅನುಮಾನಿಸಿ ಎರಡು ಬಾರಿ ತಟ್ಟಿದರು. ಆ ದಿನ ಮಾವ, ಮಗ, ಮಗಳು ಸರದಿಯ ಮೇಲೆ ರುಬ್ಬಿದರು. ನಾನು ಅತ್ತೆಯ ಪಕ್ಕ ಕೂತು ಬಿಸಿ ಚಹಾ ಕುಡಿದೆ. ಮದುವೆಯಾದ ಮೇಲೆ ಆರಾಮಾಗಿ ಕೂತು ಕುಡಿದ ಮೊದಲ ಚಹಾ ಅದು.

ಆದರೆ ಮಾವ ಈ ಸುದ್ದಿಯನ್ನು ಮನೆಯೊಳಗೆ ಇಟ್ಟುಕೊಳ್ಳಲಿಲ್ಲ. ಬಸ್ಸು ನಿಲ್ಲುವಲ್ಲಿಯ ಚಹಾದಂಗಡಿಯಲ್ಲಿ ಹೇಳಿದರು. ಅಲ್ಲಿಂದ ಭಟ್ಕಳದ ಪೇಟೆಯವರೆಗೂ ಅದು ಹೋಯಿತು. ಎಮ್ಮೆ ಕಟ್ಟಿದವರೊಬ್ಬರು ಹುಟ್ಟಲಿರುವ ಕರು ಗಂಡೋ ಹೆಣ್ಣೋ ಕೇಳಲು ಬಂದರು. ತೆಂಗಿನಗುಂಡಿಯಿಂದ ಒಣಮೀನು ಹೊತ್ತು ಬರುವ ಹೆಂಗಸು ಬುಟ್ಟಿ ಇಳಿಸಿ, "ಅಮ್ಮಾ, ಕಡಲು ಯಾವಾಗ ತಣ್ಣಗಾಗ್ತದೆ, ದೋಣಿ ಯಾವಾಗ ಬಿಡಬಹುದು, ನೀವೇ ಹೇಳ್ಬೇಕು," ಎಂದಳು.

"ನಂಗೆ ಕೊರಿಯ ಒಂದೇ ಗೊತ್ತು," ಎಂದೆ.

"ಅಷ್ಟು ದೂರದ್ದು ಗೊತ್ತಿದ್ದೋರಿಗೆ ತೆಂಗಿನಗುಂಡಿದು ಗೊತ್ತಿಲ್ವಾ?" ಎಂದು ಆಕೆ ಬೇಸರಪಟ್ಟುಕೊಂಡಳು. ಆ ವಾರ ಅವಳು ಕೊಟ್ಟ ಮೀನಿನಲ್ಲಿ ಬರೀ ತಲೆ.

ಮುಂದಿನ ಪಂದ್ಯ ಕೊರಿಯಕ್ಕೂ ಪೋರ್ತುಗಾಲಿಗೂ. ನಾನು ಕೊರಿಯ ಎಂದೆ. ಅತ್ತೆ ಕೊರಿಯ ಎನ್ನಲು ಕಾರಣವೇ ಬೇಕಿರಲಿಲ್ಲ. ಯಜಮಾನರು ಪೇಪರು ಮಡಚಿಟ್ಟು ಕೊರಿಯ ಎಂದರು. ನಾದಿನಿಯೂ ಅದನ್ನೇ ಹೇಳಿದಳು. ಮಾವ ಒಬ್ಬರೇ ಪೋರ್ತುಗಾಲು.

ಶನಿವಾರ ಸಂಜೆ, ದೀಪ ಹಚ್ಚುವ ಹೊತ್ತು ಮುಗಿದಿತ್ತು. ಬಿ.ಬಿ.ಸಿ.ಯಲ್ಲಿ ಇಂಗ್ಲೆಂಡಿನ ಆಟದ ವರ್ಣನೆ ಬರುತ್ತಿತ್ತು, ನಡುನಡುವೆ ನಮ್ಮ ಕೊರಿಯ-ಪೋರ್ತುಗಾಲಿನ ಆಟದ ಗೋಲುಗಳನ್ನು ಹೇಳುತ್ತಿದ್ದರು. ಮಳೆಗೆ ರೇಡಿಯೋ ಗೊರಗೊರ ಅನ್ನುತ್ತಿತ್ತು. ಯಜಮಾನರು ಅದನ್ನು ಕಂಬಕ್ಕೆ ಒತ್ತಿ ಹಿಡಿದು ನಮಗೆ ಕನ್ನಡದಲ್ಲಿ ಹೇಳಬೇಕು. ಬಹಳ ಹೊತ್ತು, "ಒದ್ದ... ಇನ್ನೊಬ್ಬ ಒದ್ದ... ಎಲ್ಲರೂ ಒದೀತಾ ಇದ್ದಾರೆ," ಎಂಬುದಷ್ಟೇ ನಮಗೆ ಸಿಕ್ಕಿತು. ಆ ಗೋರಾಗಳ ಇಂಗ್ಲಿಷು ಇವರ ಶಾಲೆಯ ಇಂಗ್ಲಿಷಿಗಿಂತ ಬಲು ಬೇಗ ಓಡುತ್ತಿತ್ತು.

ಆದರೆ ಸಂಖ್ಯೆ ತಪ್ಪುವ ಹಾಗಿರಲಿಲ್ಲ. ಕೊರಿಯ ಒಂದು. ಸ್ವಲ್ಪ ಹೊತ್ತಿಗೆ ಎರಡು. ಹಿಂದೆಯೇ ಮೂರು. ಪೋರ್ತುಗಾಲಿಗೆ ಸೊನ್ನೆ.

ನಾದಿನಿ ಚಪ್ಪಾಳೆ ತಟ್ಟಿದಳು. ಮಾವ ಎದ್ದು ನಿಂತರು.

"ಎಲ್ಲಿಗೆ?" ಎಂದರು ಅತ್ತೆ.

"ರುಬ್ಬೂಕೆ."

"ಆಟ ಇನ್ನೂ ಮುಗೀಲಿಲ್ಲ, ಕೂತ್ಕಳಿ."

"ಮೂರು ಗೋಲು ಆದ ಮೇಲೆ ಯಾರೂ ಏಳೂದಿಲ್ಲ. ಗೋಲಲ್ಲಿ ನಿಂತವ ನಾನು, ನಂಗೆ ಗೊತ್ತದೆ," ಎಂದು ಅವರು ಒಳಗೆ ಹೋದರು. ಒರಳಿನ ಸದ್ದು ಶುರುವಾಯಿತು.

ಅಷ್ಟರಲ್ಲಿ ಪೋರ್ತುಗಾಲು ಒಂದು ಗೋಲು ಹೊಡೆಯಿತು. ನಾದಿನಿ ಒಳಗೆ ಓಡಿ ಹೇಳಿ ಬಂದಳು. "ಹಾಂ ಹಾಂ," ಎಂದರಂತೆ. ಇನ್ನೊಂದು ಹೊಡೆಯಿತು, ಮತ್ತೆ ಓಡಿದಳು. "ಸೋತವನ ಎದುರು ತಮಾಷೆ ಮಾಡಬಾರ್ದು, ಮಗಾ," ಎಂದು ಬುದ್ಧಿ ಹೇಳಿದರಂತೆ. ಮೂರು ಮೂರು ಸಮ ಆದಾಗ ಯಜಮಾನರೇ ಹೋಗಿ ಹೇಳಿದರು. ಮಾವ ತಲೆ ಎತ್ತಲಿಲ್ಲ.

"ಇಷ್ಟು ಹೊತ್ತು ಒಂದು ವಾಕ್ಯ ಅರ್ಥ ಆಗದವನಿಗೆ ಈಗ ಎಲ್ಲಾ ಅರ್ಥ ಆಯ್ತಾ? ಉಪ್ಪಿನ ಭರಣಿ ಕೊಡು."

ಕೊನೆಗೆ ಅತ್ತೆ ಎದ್ದು ಬಾಗಿಲಲ್ಲಿ ನಿಂತರು. ಅವರ ಮುಖ ನೋಡಿದ ಮೇಲೆ ಮಾವ ನಂಬಿದರು. ಪೋರ್ತುಗಾಲಿನ ಗೋಲನ್ನು ಅತ್ತೆ ಸುಳ್ಳಿಗಾದರೂ ಹೇಳುವವರಲ್ಲ. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಮಾವ ಜಗಲಿಗೆ ಬಂದು ರೇಡಿಯೋಗೆ ಕಿವಿ ಕೊಟ್ಟರು. ಐದು, ಮೂರು. ಪೋರ್ತುಗಾಲು ಗೆದ್ದಿತ್ತು. ಅವರು ಎರಡೂ ಕೈ ಮೇಲೆತ್ತಿದರು. ಹಿಟ್ಟು ಕಂಬಕ್ಕೂ ಮಗನ ಕನ್ನಡಕಕ್ಕೂ ಹಾರಿತು.

ಆಮೇಲೆ ನ್ಯಾಯದ ಪ್ರಶ್ನೆ ಬಂತು.

"ಸೋತೋರು ನೀವು ನಾಲ್ಕು ಜನ. ರುಬ್ಬಿದ್ದು ನಾನು. ಇದ್ಯಾವ ನ್ಯಾಯ?"

"ಈಗೆಂತ ಮಾಡೂದು?" ಎಂದರು ಅತ್ತೆ. "ಹಿಟ್ಟನ್ನ ತಿರುಗಿ ಉದ್ದು ಮಾಡೂಕೆ ಆಗ್ತದ?"

ಮಾವ ಹಟ ಬಿಡಲಿಲ್ಲ. ಮರುದಿನ ಮತ್ತೆ ಅಕ್ಕಿ, ಉದ್ದು ನೆನೆಹಾಕಿಸಿ ನಮ್ಮ ನಾಲ್ವರ ಕೈಯಲ್ಲೂ ರುಬ್ಬಿಸಿದರು. ಎದುರು ಮಣೆ ಹಾಕಿ ಕೂತು, "ಎಡಗೈ, ಎಡಗೈ," ಎಂದು ಕಲಿಸಿಕೊಟ್ಟರು. ಆ ವಾರ ಬೆಳಿಗ್ಗೆ ದೋಸೆ, ಸಂಜೆ ಇಡ್ಲಿ. ಎಮ್ಮೆ ಕಟ್ಟಿದವರ ಮನೆಗೂ ಒಂದು ಪಾತ್ರೆ ಹಿಟ್ಟು ಹೋಯಿತು. ನನ್ನ ಕೊರಿಯ ಸೋತದ್ದು ಗೊತ್ತಾದ ಮೇಲೆ ಯಾರೂ ಏನೂ ಕೇಳಲು ಬರಲಿಲ್ಲ. ಮೀನಿನ ಹೆಂಗಸು ಮಾತ್ರ ಸಮಾಧಾನ ಹೇಳಿ ಒಳ್ಳೆ ಮೀನು ಕೊಟ್ಟಳು.

ನಾಲ್ಕೇ ತಂಡ ಉಳಿದ ಸೆಮಿಫೈನಲಿನಲ್ಲಿ ಪೋರ್ತುಗಾಲಿಗೆ ಇಂಗ್ಲೆಂಡು ಎದುರಾಯಿತು. ಚಹಾದ ಹೊತ್ತಿಗೆ ನಾವು ಚಿಕ್ಕವರು ಮೂವರೂ ಹೇಳಿದೆವು: ಇಂಗ್ಲೆಂಡು, ಇಂಗ್ಲೆಂಡು, ಇಂಗ್ಲೆಂಡು. ಮಾವ ಯಥಾಪ್ರಕಾರ. ಉಳಿದದ್ದು ಅತ್ತೆ. ಅವರು ಲೋಟ ತೊಳೆಯಲು ಎತ್ತಿಕೊಳ್ಳುತ್ತಾ, ಯಾರನ್ನೂ ನೋಡದೆ, "ನಂದೂ ಪೋರ್ತುಗಾಲು," ಎಂದು ಒಳಗೆ ಹೋದರು.

ಮಾವ ತಿರುಗಿ ಅಡಿಗೆಮನೆಯ ಕಡೆ ನೋಡಿದರು.

ಪೋರ್ತುಗಾಲು ಸೋತಿತು. ಆ ಸಂಜೆ ಇಬ್ಬರೂ ಒಳಗೆ ಕೂತಿದ್ದರು. ಅತ್ತೆ ಗುಂಡು ತಿರುಗಿಸುತ್ತಿದ್ದರು, ಮಾವ ಹಿಟ್ಟು ತಳ್ಳುತ್ತಿದ್ದರು. ನಾನು ನೀರು ತರಲು ಹಿತ್ತಿಲಿಗೆ ಹೊರಟವಳು ಬಾಗಿಲಲ್ಲಿ ನಿಂತೆ. ಅತ್ತೆ ಕೇಳುತ್ತಿದ್ದರು, "ಅಲ್ಲಿ ಗೋವೆಲಿ ಇರುವಾಗ ಊಟಕ್ಕೆಂತ ಮಾಡ್ತಿದ್ರಿ?"

ಮಾವ ಹೇಳತೊಡಗಿದರು. ಸುಟ್ಟ ಅನ್ನದ ಕಥೆಯೇನೋ ಇರಬೇಕು, ಅತ್ತೆ ಜೋರಾಗಿ ನಕ್ಕರು. ನಾನು ಕೊಡಪಾನ ಸದ್ದಾಗದಂತೆ ಎತ್ತಿಕೊಂಡು ಬಾವಿಗೆ ಹೋದೆ.