ಲಾಗೌಟ್ ಅಕ್ಕ

ಆಕೆಗೆ ಅಪ್ಪ ಅಮ್ಮ ಇಟ್ಟ ಹೆಸರು ಏನೋ ಇದೆ. ಆದರೆ ನಮ್ಮ ಚಿಕಿತ್ಸಾ ಕೇಂದ್ರದಲ್ಲಿ ಆ ಹೆಸರು ಹಿಡಿದು ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ‘ಲಾಗೌಟ್ ಅಕ್ಕ’ ಎಂದರೆ ಕಸ ಗುಡಿಸುವವಳೂ ಬೆರಳು ತೋರಿಸುತ್ತಾಳೆ. ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವ ಕೇಂದ್ರ ಅದು. ಹಾಲಿನ ಮೂಲೆಯಲ್ಲಿ ಒಂದೇ ಒಂದು ಕಂಪ್ಯೂಟರ್. ರೋಗಿಗಳು ತಮ್ಮ ತಮ್ಮ ಹೊತ್ತಿಗೆ ಬಂದು ಅದರ ಮುಂದೆ ಕೂತು, ಪರದೆಯ ಮೇಲೆ ಬರುವ ಚಿತ್ರ ನೋಡಿ, ಅದಕ್ಕೆ ಸರಿಯಾದ ಪದವನ್ನು ಬೆರಳಿನಿಂದ ಮುಟ್ಟಬೇಕು. ಆ ವೆಬ್‌ಸೈಟ್ ಕಟ್ಟಿದವಳು ಈಕೆಯೇ. ಯಾರಾದರೂ ಕುರ್ಚಿಯಿಂದ ಏಳುವುದು ಕಂಡರೆ ಸಾಕು, ಎಲ್ಲಿದ್ದರೂ ಅಲ್ಲಿಂದಲೇ "ಲಾಗೌಟ್ ಮಾಡಿದ್ರಾ? ಮಾಡಿ ಏಳಿ!" ಎಂದು ಕೂಗುತ್ತಾಳೆ. ಹೆಸರು ಬಂದದ್ದು ಹಾಗೆ.

ನಾನು ಟೈಲರ್. ರವಿಕೆ, ಶಾಲೆಯ ಮಕ್ಕಳ ಯೂನಿಫಾರ್ಮ್, ಜಿಪ್ ಹೋದ ಬ್ಯಾಗು, ಏನು ತಂದರೂ ಬೇಡ ಎನ್ನುವವಳಲ್ಲ. ನಮ್ಮನೆಯವರು ಬಸ್ ಡ್ರೈವರ್ ಆಗಿದ್ದರು. ಎಂಥಾ ಗಂಟಲು ಅಂತೀರಿ! ಅಡ್ಡ ಬಂದ ಸ್ಕೂಟರಿನವನನ್ನು ಬೈದರೆ ಬಸ್ಸಿನ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದವರು ಎದ್ದು ಕೂರುತ್ತಿದ್ದರು. ಅಂಥ ಮನುಷ್ಯ ಒಂದು ದಿನ ಹಲ್ಲುಜ್ಜುತ್ತಾ ನಿಂತವರು ಕುಸಿದರು. ಕೈಕಾಲು ನಿಧಾನಕ್ಕೆ ಹಿಡಿತಕ್ಕೆ ಬಂದವು, ಮಾತು ಮಾತ್ರ ಬರಲೇ ಇಲ್ಲ. ನೀರು ಬೇಕಾದರೆ ಲೋಟ ತೋರಿಸುವುದು, ಸಿಟ್ಟು ಬಂದರೆ ಗೋಡೆ ನೋಡುವುದು. ನನ್ನ ನಲವತ್ತು ಮಾತಿಗೆ ನಾಲ್ಕು ಮಾತು ತಿರುಗಿಸಿ ಕೊಡುತ್ತಿದ್ದ ಗಂಡ ಹೀಗೆ ಕೂತರೆ ನನ್ನಂಥ ಬಾಯಿಬಡುಕಿ ಯಾರ ಜೊತೆ ಜಗಳವಾಡಬೇಕು ಹೇಳಿ.

ಕೇಂದ್ರದಲ್ಲಿ ಸೀಟು ಸಿಕ್ಕಿದ್ದೇ ಪುಣ್ಯ. ಕಾದು ಕೂತವರ ಸಾಲು ದೊಡ್ಡದು. ಹಾಗಾಗಿ ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲು ಅರ್ಧ ಎಳೆದು, ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗುತ್ತಿದ್ದೆ. ಅವರ ನಂಬರನ್ನು ಪರದೆಯ ಮೇಲಿನ ಚೌಕದಲ್ಲಿ ನಾನೇ ಹಾಕುತ್ತಿದ್ದೆ, ಮೇಲುಗಡೆ ಅವರ ಹೆಸರು ದಪ್ಪ ಅಕ್ಷರದಲ್ಲಿ ಬರುತ್ತಿತ್ತು, ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಮೊದಮೊದಲು ಬಾಚಣಿಗೆಯ ಚಿತ್ರಕ್ಕೆ ‘ಬಾಗಿಲು’ ಮುಟ್ಟಿ ನನ್ನ ಮುಖ ನೋಡುತ್ತಿದ್ದರು. ಬರಬರುತ್ತಾ ತಪ್ಪು ಕಡಿಮೆಯಾಯಿತು. ಮುಗಿದ ಮೇಲೆ ನಾನು ಮರೆಯದೆ ಲಾಗೌಟ್ ಒತ್ತುತ್ತಿದ್ದೆ, ಇಲ್ಲದಿದ್ದರೆ ಅಕ್ಕ ಬಿಡಬೇಕಲ್ಲ!

ಅಕ್ಕನ ಕೋಣೆ ಒಂದು ಸೊಗಸು. ಊರುಗೋಲು, ವಾಕರ್, ಚಕ್ರ ಕಳಚಿದ ಗಾಲಿಕುರ್ಚಿ ಎಲ್ಲ ತುಂಬಿಟ್ಟ ಸ್ಟೋರ್ ರೂಮು ಅದು. ಕಿಟಕಿಯ ಪಕ್ಕ ಸ್ವಲ್ಪ ಜಾಗ ಮಾಡಿಕೊಂಡು ಮೇಜು ಹಾಕಿಕೊಂಡಿದ್ದಾಳೆ. ಮೊದಲು ಯಾವುದೋ ದೊಡ್ಡ ಆನ್‌ಲೈನ್ ಅಂಗಡಿಯ ಕಂಪನಿಯಲ್ಲಿದ್ದಳಂತೆ. ಜನ ಎದ್ದು ಹೋಗದಂತೆ, ಮತ್ತೆ ಬಂದರೂ ಬುಟ್ಟಿಯಲ್ಲಿ ಆರಿಸಿಟ್ಟದ್ದೆಲ್ಲ ಹಾಗೆಯೇ ಕಾಣುವಂತೆ ಮಾಡುವುದು ಅಲ್ಲಿ ಅವಳ ಕೆಲಸ. ಅವಳಪ್ಪನಿಗೂ ನಮ್ಮವರ ಹಾಗೇ ಆಗಿ ಇಲ್ಲಿಗೆ ಕರೆತಂದಿದ್ದಳು. ಅಪ್ಪ ಉಳಿಯಲಿಲ್ಲ. ಮಗಳು ಇಲ್ಲೇ ಉಳಿದುಬಿಟ್ಟಳು. ಊಟದ ಡಬ್ಬಿ ತೆರೆಯುವುದೇ ಅವಳಿಗೆ ಮರೆತುಹೋಗಿ, ಅವಳಮ್ಮ ಕೇಂದ್ರಕ್ಕೆ ಫೋನ್ ಮಾಡಿ ನೆನಪಿಸಬೇಕು. ಒಮ್ಮೆ ಆ ಫೋನು ಹೊತ್ತುಕೊಂಡು ಹೋಗಿ ಕೊಟ್ಟವಳು ನಾನೇ. "ಮನೆಗೆ ಬೀಗ ಹಾಕೋದು ಮರೀತಾಳೆ ಕಣ್ರೀ, ಆ ಕಂಪ್ಯೂಟರಿನ ಬೀಗ ಮಾತ್ರ ಮರೆಯಲ್ಲ" ಎಂದು ಆ ತಾಯಿ ನನ್ನ ಹತ್ತಿರ ಗೋಳು ಹೇಳಿಕೊಂಡಿದ್ದರು.

ಒಂದು ಬೆಳಿಗ್ಗೆ ಡಾಕ್ಟರು ನನ್ನನ್ನು ಒಳಗೆ ಕರೆದರು. ಮುಂದಿನ ಪರದೆಯಲ್ಲಿ ನಮ್ಮನೆಯವರ ಪುಟ, ಅದರಲ್ಲಿ ಅಭ್ಯಾಸ ಎಷ್ಟಾಗಿದೆ ಎಂದು ತೋರಿಸುವ ಗೆರೆಯೂ ಇಲ್ಲ, ಚುಕ್ಕಿಯೂ ಇಲ್ಲ.

"ನೋಡಿಯಮ್ಮ, ಇವರು ಅಭ್ಯಾಸಾನೇ ಮಾಡಿಲ್ಲ. ಬೇರೆಯವರು ಕಾಯ್ತಾ ಇದಾರೆ. ಈ ತಿಂಗಳಿಗೆ ಸೀಟು ಬಿಟ್ಟುಕೊಡಿ."

ನನಗೆ ಮೈಯೆಲ್ಲ ಉರಿದುಹೋಯಿತು. "ಮಾಡಿಲ್ಲ ಅಂದ್ರೆ? ದಿನಾ ಪಕ್ಕದಲ್ಲಿ ಕೂತಿರೋಳು ನಾನು ಡಾಕ್ಟ್ರೇ! ನನಗೇನು ಕಣ್ಣು ಕಾಣಲ್ವಾ?"

"ಕಂಪ್ಯೂಟರಿಗೆ ಸುಳ್ಳು ಹೇಳಿ ಏನಾಗಬೇಕಮ್ಮ."

"ಹಾಗಾದ್ರೆ ಸುಳ್ಳು ಹೇಳ್ತಿರೋಳು ನಾನೇ ಅಂತೀರಾ?"

ನನ್ನ ದನಿಗೆ ಹಾಲಿನಲ್ಲಿದ್ದವರೆಲ್ಲ ಬಾಗಿಲಿಗೆ ಬಂದರು. ನಮ್ಮನೆಯವರು ಹೊರಗಿನ ಬೆಂಚಿನ ಮೇಲೆ ಕೂತು ಗೋಡೆ ನೋಡುತ್ತಿದ್ದರು. ಮಾತು ಬರದಿದ್ದರೇನು, ಕಿವಿ ಕೇಳುತ್ತದಲ್ಲ. ಅದನ್ನು ಕಂಡು ನನ್ನ ಸಿಟ್ಟೆಲ್ಲ ಇಳಿದು ಅಳು ಬಂತು. ಇಲ್ಲಿಂದ ಕಳಿಸಿಬಿಟ್ಟರೆ ಈ ಮನುಷ್ಯ ಇನ್ನು ಬಾಯಿ ತೆರೆಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಅಷ್ಟರಲ್ಲಿ ಅಕ್ಕ ಬಂದಳು. ಹೊರಗಿನಿಂದ ಆಗಷ್ಟೇ ಬಂದಿದ್ದಳೇನೋ, ತಲೆಯ ಮೇಲೆ ಹೆಲ್ಮೆಟ್ ಹಾಗೇ ಇತ್ತು. ನೀವು ಸರಿಯಾಗಿ ಒತ್ತಿಲ್ಲ, ನಿಮಗೆ ಗೊತ್ತಾಗಲ್ಲ ಎಂದು ಶುರುಮಾಡುತ್ತಾಳೆ ಅಂದುಕೊಂಡು ನಾನೂ ಸೆರಗು ಸಿಕ್ಕಿಸಿ ತಯಾರಾದೆ. ಅವಳು ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ಡಾಕ್ಟರಿಗೆ, "ಇವರು ಮಾಡಿದಾರೆ ಅಂದ್ರೆ ಮಾಡಿದಾರೆ ಸರ್. ನಾಳೆ ನಾನೇ ಹಾಲಲ್ಲಿ ಕೂರ್ತೀನಿ" ಎಂದಳು. ಅಷ್ಟೇ ಮಾತು. ನನ್ನ ಕಡೆಗೊಬ್ಬರು ನಿಂತರಲ್ಲ ಎಂದು ಆ ಹೊತ್ತಿಗೆ ನನಗಾದ ಸಮಾಧಾನ ಇವತ್ತಿಗೂ ಮರೆತಿಲ್ಲ.

ಮರುದಿನ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹಾಲಿನಲ್ಲಿ ಕೂತಳು. ಅವತ್ತು ಬೇಕೆಂದೇ ಕೂಗಲಿಲ್ಲ. ನಮಗಿಂತ ಮುಂಚಿನ ಹೊತ್ತು ಸಂಗೀತದ ಮೇಡಂ ಅವರದು. ಶಾಲೆಯಲ್ಲಿ ಹಾಡು ಕಲಿಸುತ್ತಿದ್ದವರು, ಅವರಿಗೆ ಮಾತು ತಡವರಿಸುತ್ತಿತ್ತು. ಮೇಡಂ ತಮ್ಮ ಅಭ್ಯಾಸ ಮುಗಿಸಿ, ಪುಟವನ್ನು ತೆರೆದೇ ಬಿಟ್ಟು, ಕುರ್ಚಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ನಮ್ಮವರಿಗೆ ‘ಬನ್ನಿ’ ಎಂದು ಕಣ್ಣಲ್ಲೇ ಕರೆದರು. ಅವರು ದಿನವೂ ಮಾಡುತ್ತಿದ್ದದ್ದೇ ಹಾಗೆ, ಅಕ್ಕ ಕೂಗಿದರೆ ಹೂಂ ಎಂದು ತಲೆಯಾಡಿಸಿಬಿಡುತ್ತಿದ್ದರು. ಪುಟ ತೆರೆಯಲು ನಾನು ಕನ್ನಡಕ ಹುಡುಕಿ ಒದ್ದಾಡುವುದನ್ನು ಒಮ್ಮೆ ನೋಡಿದ್ದರಂತೆ. ಪಾಪ, ಇವರಿಗೆ ಆ ಕಷ್ಟ ಯಾಕೆ ಎಂದು ನಮಗೋಸ್ಕರ ತೆರೆದಿಟ್ಟು ಏಳುತ್ತಿದ್ದರು. ನಾನು ನಂಬರು ಹಾಕಿದೆ, ನಮ್ಮವರ ಹೆಸರು ಬಂತು, ಅವರು ಮುಟ್ಟತೊಡಗಿದರು. ತಿರುಗಿ ನೋಡಿದರೆ ಅಕ್ಕನ ಮುಖ ಸಪ್ಪಗಾಗಿತ್ತು.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡಳು.

"ಏನಾಯ್ತೇ ತಾಯಿ?"

"ಅಮ್ಮ, ನೀವು ಬಟ್ಟೆ ಇಸ್ಕೊಂಡಾಗ ಚೀಟಿ ಹರಿದು ಅರ್ಧ ಗಿರಾಕಿಗೆ ಕೊಡ್ತೀರಲ್ಲ, ಇನ್ನರ್ಧ ಬಟ್ಟೆಗೆ ಪಿನ್ ಮಾಡ್ತೀರಲ್ಲ? ಗಿರಾಕಿ ಕೈಲಿರೋ ಅರ್ಧ ಇದೆಯಲ್ಲ, ಅದೇ ಕುಕೀ. ಅದು ಈ ಕಂಪ್ಯೂಟರ್ ಹತ್ರ ಇರುತ್ತೆ. ಒಳಗೆ ಸರ್ವರ್ ಅನ್ನೋ ದೊಡ್ಡ ಕಂಪ್ಯೂಟರಲ್ಲಿ ಆ ಚೀಟಿಗೆ ಅಂತ ಕಟ್ಟಿಟ್ಟಿರೋ ಗಂಟು ಸೆಷನ್ನು. ಹೊಸಬರು ಬಂದು ನಂಬರ್ ಹಾಕಿದ್ರೆ ಹಳೇ ಚೀಟಿ ಹರಿದುಹಾಕಿ ಹೊಸದು ಕೊಡಬೇಕಿತ್ತು ನಾನು. ಮೇಲೆ ಹೆಸರು ಬದಲಾಯಿಸಿ ಸುಮ್ನಾಗಿಬಿಟ್ಟಿದೀನಿ. ಗಂಟು ಮಾತ್ರ ಮೇಡಂದೇ!"

"ಅಂದ್ರೆ ನಮ್ಮನೆಯವರ ಅಂಗೀನ ಮೇಡಂ ಮನೆಗೆ ಕಳಿಸ್ತಿದ್ಯಾ?"

"ಹೂಂ. ದಿನಾ."

ಮೊದಲು ಕೇಂದ್ರದ ಆಫೀಸಿನಲ್ಲಿ ಇದನ್ನು ಪರೀಕ್ಷೆ ಮಾಡಿದವರೆಲ್ಲ ತಪ್ಪದೆ ಲಾಗೌಟ್ ಮಾಡುವವರೇ ಆದದ್ದರಿಂದ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲವಂತೆ. ಇಷ್ಟು ದಿನ ಡಾಕ್ಟರು ಮೇಡಮ್ಮನ ಬೆನ್ನು ತಟ್ಟಿದ್ದೇ ತಟ್ಟಿದ್ದು, "ದಿನಕ್ಕೆರಡು ಸಲ ಅಭ್ಯಾಸ ಮಾಡ್ತೀರಲ್ಲ, ಭೇಷ್!" ಎಂದು. ಪಾಪ, ಆಕೆ ‘ಇಲ್ಲ’ ಎನ್ನಲು ಪದ ಹುಡುಕುವಷ್ಟರಲ್ಲಿ ಡಾಕ್ಟರು ಮುಂದಿನವರ ಹತ್ತಿರ ಹೋಗಿರುತ್ತಿದ್ದರು. ಈಗ ವಿಷಯ ತಿಳಿದದ್ದೇ ಆಕೆಯ ಕಣ್ಣು ತುಂಬಿತು. ನನ್ನ ಕೈ ಹಿಡಿದುಕೊಂಡು "ನಾನು... ನಾನು..." ಎಂದು ತೊದಲಿದರು. "ಬಿಡಿ ಮೇಡಂ, ಒಳ್ಳೇದು ಮಾಡೋಕೆ ಹೋಗಿದ್ದು ನೀವು" ಎಂದೆ. ಮನಸ್ಸಿನಿಂದಲೇ ಅಂದೆ.

ಅಕ್ಕ ತಪ್ಪನ್ನು ಮೇಡಮ್ಮನ ಮೇಲೆ ಹೊರಿಸಿ ಕೈ ತೊಳೆದುಕೊಳ್ಳಬಹುದಿತ್ತು. ಅವಳು ಇಡೀ ಹಾಲಿಗೆ ಕೇಳುವಂತೆ ಡಾಕ್ಟರಿಗೆ ಹೇಳಿದಳು: "ತಪ್ಪು ನಂದು ಸರ್. ಮಾತು ಬರದೇ ಇರೋರು ಎದ್ದು ಹೋಗುವಾಗ ಗುಂಡಿ ಒತ್ತಲಿ ಅಂತ ನಾನು ಕಾಯಬಾರದಿತ್ತು." ಆಮೇಲೆ ಸ್ಟೋರ್ ರೂಮು ಸೇರಿಕೊಂಡಳು. ಪ್ರತಿ ಉತ್ತರ ಯಾವ ಹೊತ್ತಿಗೆ ಬಂತು ಎನ್ನುವುದು ಸರ್ವರಿನಲ್ಲಿ ಉಳಿದಿರುತ್ತದಂತೆ. ಮೇಡಮ್ಮನ ಹೊತ್ತು ಬೇರೆ, ನಮ್ಮ ಹೊತ್ತು ಬೇರೆ. ಒಂದೊಂದನ್ನೇ ಬಿಡಿಸಿ, ಅವರದನ್ನು ಅವರಿಗೆ ಬಿಟ್ಟು, ನಮ್ಮದನ್ನು ನಮ್ಮ ಪುಟಕ್ಕೆ ತಂದಳು. ಅವತ್ತೂ ಊಟದ ಡಬ್ಬಿ ತೆರೆದಿರಲಿಲ್ಲ. ನಾನೇ ಹೋಗಿ ಗದರಿ ತಿನ್ನಿಸಿದೆ.

ಡಾಕ್ಟರು ಹೊಸ ಪುಟ ನೋಡಿದರು. ಗೆರೆ ನೆಲದಲ್ಲಿ ತೆವಳಿ ಶುರುವಾಗಿ ಮೇಲೆ ಏರುತ್ತಾ ಹೋಗಿತ್ತು. ಅವರು ನೇರ ಹೊರಗೆ ಬಂದು ನಮ್ಮನೆಯವರ ಪಕ್ಕ ಬೆಂಚಿನ ಮೇಲೆ ಕೂತು, "ತಪ್ಪಾಯ್ತು ಯಜಮಾನ್ರೇ, ನಿಮ್ಮ ಸೀಟು ಎಲ್ಲೂ ಹೋಗಲ್ಲ" ಎಂದರು. ಒಳ್ಳೆಯ ಮನುಷ್ಯ, ಸುಮ್ಮನೆ ಬೈದುಕೊಂಡಿದ್ದೆ.

ಆ ವಾರ ಅಕ್ಕ ಎಲ್ಲರ ಫೋಟೋ ಕೇಳಿ ಇಸಿದುಕೊಂಡಳು. ಇನ್ನು ಯಾರೂ ಲಾಗೌಟ್ ಒತ್ತಬೇಕಾಗಿಲ್ಲ, ಒಬ್ಬರ ಅಭ್ಯಾಸ ಮುಗಿದ ಕೂಡಲೇ ಪುಟ ತಾನಾಗಿ ಮುಚ್ಚಿಕೊಳ್ಳುತ್ತದೆ, ಚೀಟಿ ಹರಿದುಹೋಗುತ್ತದೆ, ಮುಂದೆ ಕೂತವರು ತಮ್ಮ ಫೋಟೋ ಮುಟ್ಟಿದರೆ ಹೊಸ ಚೀಟಿ ಎಂದಳು. ನಾನು ನಮ್ಮವರು ಖಾಕಿ ಹಾಕಿಕೊಂಡು ಸ್ಟೀರಿಂಗ್ ಹಿಡಿದಿರುವ ಫೋಟೋ ಕೊಟ್ಟೆ. "ಇನ್ಮೇಲೆ ನಿನ್ನನ್ನ ಏನಂತ ಕರೀಬೇಕಪ್ಪಾ ನಾವು?" ಎಂದು ರೇಗಿಸಿದೆ.

ಹೊಸದು ಶುರುವಾದ ಬೆಳಿಗ್ಗೆ ಮೇಡಂ ಎದ್ದರು, ಪರದೆ ಖಾಲಿಯಾಯಿತು, ನಮ್ಮವರು ಕೂತರು. ಸಾಲಾಗಿ ಎಲ್ಲರ ಮುಖ ಮೂಡಿತು. ಅಕ್ಕ ಮೊದಲೇ ಹಿಡಿದಿಟ್ಟಿದ್ದ ಅವಳದೇ ದನಿ ಕಂಪ್ಯೂಟರಿನೊಳಗಿನಿಂದ ಕೇಳಿತು: "ಈಗ ಕೂತಿರೋರು ಯಾರು?"

ನಮ್ಮವರು ಫೋಟೋ ಮುಟ್ಟಲಿಲ್ಲ. ಪರದೆಯನ್ನೇ ದುರುಗುಟ್ಟಿ ನೋಡಿದರು. ಮುಟ್ರೀ ಅನ್ನಬೇಕೆಂದು ನಾನು ಬಾಯಿ ತೆರೆದೆ, ಅಕ್ಕ ನನ್ನ ಭುಜ ಒತ್ತಿ ತಡೆದಳು. ಯಾರೂ ಮುಟ್ಟದ್ದರಿಂದ ಅದು ಮತ್ತೆ ಕೇಳಿತು: "ಈಗ ಕೂತಿರೋರು ಯಾರು?" ಅವರ ತುಟಿ ಅಲುಗಿತು, ಕುತ್ತಿಗೆಯ ನರ ಉಬ್ಬಿತು, ಒಳಗೆಲ್ಲೋ ಏನೋ ಗೊರಗುಟ್ಟಿತು. ಆ ಯಂತ್ರಕ್ಕೇನು ಗೊತ್ತು, ಮೂರನೇ ಸಲವೂ ಕೇಳಿತು.

"ನಾನು!" ಅಂದರು. ಸಿಟ್ಟಿನಲ್ಲಿ, ಹಾಲಿಗೆ ಹಾಲೇ ತಿರುಗಿ ನೋಡುವ ಹಾಗೆ, ಅಡ್ಡ ಬಂದ ಸ್ಕೂಟರಿನವನನ್ನು ಬೈಯುವ ಅದೇ ಗಂಟಲಲ್ಲಿ. "ನಾನು! ನಾನೇ!"

ಅಕ್ಕ ನನ್ನನ್ನು ತಬ್ಬಿಕೊಂಡು ಮಗುವಿನ ಹಾಗೆ ಅಳುತ್ತಿದ್ದಳು. ಅವಳ ಹೊಟ್ಟೆ ತಣ್ಣಗಿರಲಿ. ನಾನು ಕುರ್ಚಿಯ ಪಕ್ಕ ಕೂತು, "ಹೌದೂರೀ, ನೀವೇ" ಎಂದೆ.