ಸುಳ್ಳೂರಿನ ಹೊಸ್ತಿಲು

ಹೋದ ವಾರ ನೆಲಕ್ಕೆ ಫರಸಿ ಕೂಡಿಸುವವನು ಮಷಿನ್ ಹಚ್ಚಿ ನಮ್ಮ ತಲಬಾಗಿಲ ಹೊಸ್ತಿಲು ಕೊಯ್ಯತೊಡಗಿದಾಗ ಮನೆ ತುಂಬ ಕಲ್ಲುಪುಡಿಯ ವಾಸನೆ ಹರಡಿತು. ಸುಟ್ಟಂಥ, ಗಂಟಲು ಹಿಡಿಯುವ ವಾಸನೆ... ನನ್ನ ಮೊಣಕಾಲಿನ ಆಪರೇಷನ್ ಆಗಿ ಎರಡು ತಿಂಗಳಾಗಿತ್ತು. ಗೇಣೆತ್ತರದ ಆ ಕರಿಕಲ್ಲು ದಾಟಲು ಹೋಗಿ ಎರಡು ಸಲ ಬಿದ್ದಿದ್ದೆ. ತೆಗೆಸಿಬಿಡೋಣ ಎಂದು ಸೊಸೆ ಅಂದಾಗ ಹೂಂ ಅಂದವಳೂ ನಾನೇ. ಆದರೆ ಮಷಿನ್ ಸದ್ದು ಶುರುವಾದ ಮೇಲೆ ಅಲ್ಲಿ ನಿಲ್ಲಲಾಗದೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಕೂತೆ. ಆ ಕಲ್ಲು ಕೂರಿಸಿದವರು ಎದುರುಮನೆಯಲ್ಲಿದ್ದ, ಗಾರೆ ಕೆಲಸದ ಗೌಂಡಿ ಕಾಕಾ.

ನಾನು ಮದುವೆಯಾಗಿ ಬೈಲಹೊಂಗಲದ ಈ ಓಣಿಗೆ ಬಂದಾಗ ನನ್ನನ್ನು ಮೊದಲು ಬೈದವರು ಅತ್ತೆಯಲ್ಲ, ಅವರು. ಹೊಸ್ತಿಲ ಮೇಲೆ ನಿಂತು ಕಾಯಿಪಲ್ಲೆಯವಳ ಜೊತೆ ಚೌಕಾಸಿ ಮಾಡುತ್ತಿದ್ದೆ. ಸಾಲಿ ಕಲಿಸುವ ಅಕ್ಕೋರೇ ಲಕ್ಷ್ಮಿಯ ನೆತ್ತಿಯ ಮೇಲೆ ನಿಂತರೆ ಹುಡುಗರಿಗೆ ಏನು ಕಲಿಸುತ್ತೀರಿ ಎಂದು ಬೀದಿಗೆಲ್ಲ ಕೇಳುವಂತೆ ಗದರಿದ್ದರು. ಅಂದಿನಿಂದ ನನಗೆ ಅವರನ್ನು ಕಂಡರೆ ಸಿಟ್ಟು, ಆದರೂ ಹಬ್ಬ ಬಂದರೆ ಮೊದಲ ಹೋಳಿಗೆ ಅವರ ಮನೆಗೇ. ಗೋಡೆ ಯಾರು ಬೇಕಾದರೂ ಕಟ್ಟುತ್ತಾರೆ, ಮನೆ ಆಗುವುದು ಹೊಸ್ತಿಲು ಕೂತ ಮೇಲೆ ಎನ್ನುವುದು ಅವರ ಮಾತು. ಕಲ್ಲಿನ ಕೆಳಗೆ ಅರಿಸಿನಕೊಂಬು, ಅಡಿಕೆ, ನವಧಾನ್ಯದ ಗಂಟು ಇಡದೆ ಅವರು ಗಾರೆ ಬಳಿಯುವ ಕರಣಿ ಮುಟ್ಟುತ್ತಿರಲಿಲ್ಲ.

ಅಂಥವರಿಗೆ ಸಿಕ್ಕ ದೊಡ್ಡ ಕೆಲಸವೆಂದರೆ ಯಾರೂ ವಾಸ ಮಾಡದ ಊರು ಕಟ್ಟುವುದು. ಕಿತ್ತೂರಿನ ಆಚೆ, ಗುಡ್ಡದ ಮಗ್ಗುಲಲ್ಲಿ, ಮೊದಲು ದನ ಮೇಯುತ್ತಿದ್ದ ಬಯಲಿನಲ್ಲಿ ಸೈನಿಕರ ತರಬೇತಿಗೆಂದು ಅದು ಎದ್ದಿತು. ಓಣಿ ಓಣಿಗಳಲ್ಲಿ, ಮನೆ ಮನೆಗಳಲ್ಲಿ ಹೊಕ್ಕು ಹೇಗೆ ಕಾದಾಡಬೇಕೆಂದು ಕಲಿಸಲು. ನಮ್ಮ ಕಡೆಯಿಂದ ಹೋದ ಕೂಲಿಯವರು ಅದಕ್ಕೆ ಸುಳ್ಳೂರು ಎಂದು ಹೆಸರಿಟ್ಟರು. ಮೊದಲು ಬಿದಿರ ಗಳಕ್ಕೆ ಗೋಣಿತಟ್ಟು ಬಿಗಿದ ನಾಲ್ಕು ಮನೆಗಳಿದ್ದವಂತೆ. ಆಷಾಢದ ಗಾಳಿ ಅವನ್ನು ಹೊತ್ತೊಯ್ದಿತು. ಆಮೇಲೆ ಇಟ್ಟಂಗಿ ಬಂತು, ಗೌಂಡಿ ಕಾಕಾ ಹೋದರು. ಒಂದು ಓಣಿ, ಒಂದು ಬಜಾರ, ಕಿರಾಣಿ ಅಂಗಡಿ, ಬಸ್ಸೇ ಬಾರದ ಬಸ್‌ಸ್ಟ್ಯಾಂಡು, ಕೊನೆಗೆ ಮಾಳಿಗೆ ಮನೆಗಳು. ಒಳಗೆ ಹುಲ್ಲು ತುಂಬಿ ಹಳೆ ಸೀರೆ ಉಡಿಸಿದ ಗೊಂಬೆಗಳು. ನಳದ ನೀರಿಗಾಗಿ ಜಗಳವೇ ಇಲ್ಲದ ಊರು ಎಂದರೆ ಅದೊಂದೇ ಎಂದು ನಾವು ಅವರನ್ನು ಕಾಡುತ್ತಿದ್ದೆವು.

ಜನ ಇರುವ ಮನೆಯ ಹಾಗೆಯೇ ಕಟ್ಟಬೇಕು ಎಂದು ಅಲ್ಲಿನ ಸಾಹೇಬರು ಹೇಳಿದ್ದರಂತೆ. ಕಾಕಾಗೆ ಗೊತ್ತಿದ್ದದ್ದು ನಮ್ಮ ಮನೆಗಳೇ. ತಗ್ಗು ಬಾಗಿಲು, ದೇವರ ಗೂಡು, ಗೇಣೆತ್ತರದ ಹೊಸ್ತಿಲು. ಪ್ರತಿ ಹೊಸ್ತಿಲ ಕೆಳಗೆ ಗುಟ್ಟಾಗಿ ಗಂಟನ್ನೂ ಇಟ್ಟರು. ಲಕ್ಷ್ಮಿಯನ್ನು ಕರೆದದ್ದಾಯಿತು, ಮುಂದೆ ಆ ಮನೆಯಲ್ಲಿ ಏನು ನಡೆಯುತ್ತದೆಂದು ಅವರು ಯೋಚಿಸಿರಲಿಲ್ಲ.

ಮುರಿದ ಗೋಡೆ ತಿದ್ದಲು ತಿಂಗಳಿಗೊಮ್ಮೆ ಕರೆ ಬರುತ್ತಿತ್ತು. ಆಗ ನೋಡಿದರು. ಬೂಟು ಹಾಕಿದ ಹುಡುಗರು ಬಾಗಿಲು ಒದ್ದು, ಬಂದೂಕು ಹಿಡಿದು ಒಳಗೆ ನುಗ್ಗುವಾಗ ಹೊಸ್ತಿಲನ್ನು ತುಳಿಯುತ್ತಿದ್ದರು, ಇಲ್ಲವೇ ಎಡವಿ ಬೀಳುತ್ತಿದ್ದರು. ಒಬ್ಬನ ತುಟಿ ಸೀಳಿತು, ಒಬ್ಬನ ಕಣಕಾಲು ಮುರಿಯಿತು. ಕಾಕಾ ಹೋಗಿ ಹೇಳಿದರೆ ಸಾಹೇಬರು ನಕ್ಕು, ಬೀಳಲಿ ಬಿಡಿ, ಇಲ್ಲಿ ಬಿದ್ದವರು ಏಳುತ್ತಾರೆ ಅಂದರಂತೆ. ಎಂಥ ಕಟುಕ ಇರಬೇಕು ಅವನು ಎಂದು ಕಾಕಾ ನಮ್ಮ ಕಟ್ಟೆಯ ಮೇಲೆ ಕೂತು ಎರಡು ದಿನ ಬೈದರು.

ಆಮೇಲೊಂದು ಸಂಜೆ ನನ್ನ ಹತ್ತಿರ ಬಂದರು. ನಾನು ಪೇಪರು ತಿದ್ದುತ್ತಿದ್ದೆ. ಸಾಹೇಬರಿಗೆ ವರ್ಗವಾಗಿದೆ, ಹೊಸಬರಿಗೆ ಇದೆಲ್ಲ ಗೊತ್ತಿಲ್ಲ, ರಿಪೇರಿಯ ನೆವದಲ್ಲಿ ಒಂದೊಂದೇ ಹೊಸ್ತಿಲು ಚಾಣ ಹಚ್ಚಿ ಕೆತ್ತಿ ಸಪಾಟು ಮಾಡಿಬಿಡುತ್ತೇನೆ ಎಂದರು.

"ಲಕ್ಷ್ಮಿನ ತುಳಿಯೋದು ತಪ್ಪತೈತಿ, ಹುಡುಗೂರು ಬೀಳೋದೂ ತಪ್ಪತೈತಿ. ಪಾಪೇನ ಅಲ್ಲಲ್ರಿ ಅಕ್ಕೋರ?"

ನಾನು ತಲೆ ಎತ್ತಲೂ ಇಲ್ಲ. "ಪುಣ್ಯಾ ಬರತೈತಿ, ಮಾಡ್ರಿ ಕಾಕಾ" ಅಂದೆ.

ಹತ್ತು ಹನ್ನೊಂದು ಮನೆಗಳ ಹೊಸ್ತಿಲು ಹೀಗೆ ಹೋದವು. ಅವರಿಗೆ ಸಮಾಧಾನವಾಯಿತು. ಆ ಹೊತ್ತಿಗೆ ಅವರ ಒಬ್ಬನೇ ಮಗ ಸೈನ್ಯ ಸೇರಿ ಮೂರು ವರ್ಷವಾಗಿತ್ತು. ನನ್ನ ವಿದ್ಯಾರ್ಥಿ, ಮಗ್ಗಿಯಲ್ಲಿ ಮಂದ, ಓಟದಲ್ಲಿ ಮುಂದು. ಅವನ ತುಕಡಿಯೂ ತರಬೇತಿಗೆ ಸುಳ್ಳೂರಿಗೇ ಬಂತು. ರಜೆ ಮೇಲೆ ಬಂದವನು, ಅಪ್ಪ ಕಟ್ಟಿದ ಮನೆಗಳನ್ನು ನಾವೇ ಒದ್ದು ಒದ್ದು ಮುರಿದೆವು ಎಂದು ಹೇಳಿ ನಗಿಸಿದ. ಒಂದು ಸಲವೂ ಬೀಳಲಿಲ್ಲವಂತೆ. ಅದನ್ನು ಕೇಳಿ ಕಾಕಾ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಆ ನೋಟ ನನ್ನನ್ನು ಈಗಲೂ ಬಿಟ್ಟಿಲ್ಲ...

ಮರುವರ್ಷ ಅವನು ಪೆಟ್ಟಿಗೆಯಲ್ಲಿ ಬಂದ. ಓಣಿಯ ತುಂಬ ಜನ, ಹೂವು, ಘೋಷಣೆ. ಕಾಕಾ ಅಂದು ಗಟ್ಟಿಯಾಗೇ ಇದ್ದರು. ತಿಂಗಳ ನಂತರ ಅವನ ಟ್ರಂಕು ತಲುಪಿಸಲು ಗೆಳೆಯನೊಬ್ಬ ಬಂದ. ಸಂಪಗಾಂವ ಕಡೆಯ ಹುಡುಗ, ಅದೇ ತುಕಡಿಯವನು. ಮಾತಿಗೆ ನೆರವಾಗಲೆಂದು ಕಾಕಾನ ಮನೆಯವರು ನನ್ನನ್ನೂ ಕರೆದಿದ್ದರು. ಹೇಗಾಯಿತು ಎಂದು ಕಾಕಾ ಕೇಳಿದರು. ಹುಡುಗ ಚಹಾದ ಕಪ್ಪು ಕೆಳಗಿಟ್ಟು, ತಲೆ ತಗ್ಗಿಸಿ ಹೇಳಿದ.

"ವೈರಿ ಅಡಗಿದ್ದ ಮನಿ ಒಂದಿತ್ರಿ, ಮದಲ ಅವನs ಓಡಿ ಹೊಕ್ಕನ್ರಿ. ಆ ಮನಿ ಹೊಸ್ತಲ ಭಾಳ ಎತ್ತರ ಇತ್ರಿ. ಕಾಲ ಸಿಕ್ಕು ಬಿದ್ದ. ಏಳಾಕ ಬಿಡಲಿಲ್ರಿ ಅವರು."

ಹೇಳಿದ ಹುಡುಗನಿಗೆ ಪಾಪ ಏನೂ ಗೊತ್ತಿರಲಿಲ್ಲ. ಕಾಕಾ ಎದ್ದು ಹಿತ್ತಲಿಗೆ ಹೋದರು. ಹಿಂದೆಯೇ ಹೋದೆ. ನಾನು ಮಾತಿನಲ್ಲೇ ಬದುಕಿದವಳು, ಅಂದು ಬಾಯಿಗೆ ಬಂದದ್ದು ಒಂದೇ ಸಮಾಧಾನ. ಹುಟ್ಟಿದಾಗಿನಿಂದ ನಿಮ್ಮ ಮನೆಯ ಎತ್ತರದ ಹೊಸ್ತಿಲು ದಾಟಿ ಬೆಳೆದ ಹುಡುಗ, ಅವನ ಕಾಲಿಗೆ ಅದು ಮರೆತುಹೋಗುತ್ತದೆಯೇ, ಇದು ನಿಮ್ಮಿಂದ ಆದದ್ದಲ್ಲ ಎಂದೆ.



"ಮನ್ಯಾಗ ಅವ ನಡಕೋತ ಹೊಗತಿದ್ದರಿ ಅಕ್ಕೋರ. ಓಡಿ ಒಳಗ ನುಗ್ಗೋದನ್ನ ಸುಳ್ಳೂರಾಗ ಕಲತಿದ್ದ."

ಮಾಡ್ರಿ ಎಂದವಳು ನಾನು ಎನ್ನುವುದನ್ನು ಅವರು ಅಂದೂ ಆಡಲಿಲ್ಲ, ಮುಂದೆಯೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಓಣಿಗೆಲ್ಲ ಕೇಳುವಂತೆ ಬೈಯುತ್ತಿದ್ದ ಮನುಷ್ಯ ನನ್ನೊಬ್ಬಳನ್ನು ಮಾತ್ರ ಬಿಟ್ಟುಬಿಟ್ಟರು.

ಸುಳ್ಳೂರಿಗೆ ಅವರು ಮತ್ತೊಂದೇ ಸಲ ಹೋದರು. ಹೊಸ್ತಿಲುಗಳನ್ನೆಲ್ಲ ಮತ್ತೆ ಕೂರಿಸಿಕೊಡುತ್ತೇನೆ ಎಂದು ಕೇಳಿಕೊಂಡರಂತೆ. ಇದ್ದದ್ದು ಚೆನ್ನಾಗಿಯೇ ಇದೆಯಲ್ಲ ಎಂದು ಹೊಸ ಸಾಹೇಬರು ಕಳಿಸಿದರಂತೆ. ಅವನ್ನು ಕೆತ್ತಿ ತೆಗೆದದ್ದು ತಾನೇ ಎಂಬ ನಿಜ ಹೇಳುವ ಧೈರ್ಯ ಕಾಕಾಗೆ ಬರಲಿಲ್ಲ. ಬರೆದುಕೊಡುವ ಧೈರ್ಯ, ಬರೆಯಲು ಬರುತ್ತಿದ್ದ ನನಗೂ ಬರಲಿಲ್ಲ.

ಅದಾದ ಮೇಲೆ ಒಂದು ಮುಂಜಾನೆ ಕೇಳದೆಯೇ ನಮ್ಮ ಮನೆಗೆ ಕರಿಕಲ್ಲು ಹೊರಿಸಿಕೊಂಡು ಬಂದರು. ನಮ್ಮ ಹಳೆಯ ಹೊಸ್ತಿಲು ಸವೆದು ನೆಲಕ್ಕೆ ಸಮವಾಗಿತ್ತು. ಅದನ್ನು ಕಿತ್ತು ಇದನ್ನು ಕೂರಿಸಿದರು. ಇಷ್ಟು ಎತ್ತರ ಯಾಕೆ, ಮಕ್ಕಳು ಎಡವುತ್ತಾರೆ ಎಂದು ನನ್ನ ಗಂಡ ಅಂದದ್ದಕ್ಕೆ, ಎಡವಲಿ, ಮನೆಯಲ್ಲಿ ಬಿದ್ದರೆ ಎತ್ತಲು ಜನ ಇದ್ದಾರೆ ಅಂದರು. ನನ್ನ ಮಕ್ಕಳು ಬಿದ್ದರು, ಎದ್ದರು, ಕಾಲೆತ್ತಿ ಓಡುವುದನ್ನು ಕಲಿತರು. ಅದೇ ಅವರ ಕೊನೆಯ ಹೊಸ್ತಿಲು. ಮತ್ತೆ ಕರಣಿ ಹಿಡಿಯಲಿಲ್ಲ, ಎರಡನೆಯ ಮಳೆಗಾಲ ಕಾಣಲಿಲ್ಲ.

ಮಷಿನ್ ನಿಂತ ಮೇಲೆ ಹೊರಗೆ ಬಂದೆ. ಬಾಗಿಲಲ್ಲಿ ನೆಲ ನುಣ್ಣಗೆ, ಒಳಗಿಂದ ಬೀದಿಯವರೆಗೆ ಒಂದೇ ಸಮ. ಕಲ್ಲಿನ ಕೆಳಗೆ ಸಿಕ್ಕ ಬಟ್ಟೆಯ ಗಂಟನ್ನು ಫರಸಿ ಕೂಡಿಸುವ ಹುಡುಗ ನನ್ನ ಕೈಗೆ ಕೊಟ್ಟ. ಅರಿಸಿನಕೊಂಬು ಕಪ್ಪಾಗಿತ್ತು, ಕಾಳು ಪುಡಿಯಾಗಿತ್ತು. ದೇವರ ಮುಂದೆ ಇಟ್ಟೆ. ತಪ್ಪಾಯಿತು ಕಾಕಾ ಎಂದು ಇಷ್ಟು ವರ್ಷಗಳ ಮೇಲೆ ಬಾಯಿಬಿಟ್ಟು ಹೇಳಿದೆ, ಕೇಳುವವರಿರಲಿಲ್ಲ.

ಈಗ ಎಡವುವ ಭಯವಿಲ್ಲ. ಆದರೂ ಬಾಗಿಲ ಹತ್ತಿರ ಬಂದ ಕೂಡಲೇ ಈ ನೋಯುವ ಕಾಲು ತಾನಾಗಿ ಗೇಣೆತ್ತರ ಏಳುತ್ತದೆ, ಅಲ್ಲಿ ಇಲ್ಲದ ಕಲ್ಲನ್ನು ದಾಟುತ್ತದೆ.