ರಂಗಣ್ಣ ರಿಪೇರಿ ಮಾಡಿಬಿಟ್ಟ ಗೊರಗೊರ

ಗೆಳೆಯರೇ, ಚೆನ್ನಾಗಿದ್ದ ನನ್ನ ಗಿಟಾರ್ ಆಂಪ್ಲಿಫೈಯರನ್ನು ಗುಬ್ಬಿಯ ರೇಡಿಯೋ ಮೆಕ್ಯಾನಿಕ್ ರಂಗಣ್ಣ ಇವತ್ತು ರಿಪೇರಿ ಮಾಡಿಬಿಟ್ಟಿದ್ದರು. ನಾನು ಕೊಟ್ಟಿದ್ದು ಕಿತ್ತುಹೋದ ವೈರ್ ಬದಲಿಸಲು ಮಾತ್ರ. ಈ ಸಂಜೆ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಮಿಕರ ಸಭೆಯಲ್ಲಿ ಅದರಲ್ಲೇ ನುಡಿಸಬೇಕು. ಅಂಗಡಿಯಲ್ಲಿ ತಂತಿ ಮೀಟಿ ನೋಡಿದರೆ, ಬೆಳಗಿನ ಭಕ್ತಿಗೀತೆಯಷ್ಟು ಸಾಧು ದನಿ!

“ಆ ಗೊರಗೊರ ಎಲ್ಲಿ ಹೋಯ್ತು ರಂಗಣ್ಣ?”

“ಅದೇ ಕಣಮ್ಮ ಫಾಲ್ಟು. ಒಳಗೆ ಹಳೇ ರೇಡಿಯೋ ಥರ ಗಾಜಿನ ವಾಲ್ವ್ ಐತಲ್ಲ, ಅದಕ್ಕೆ ಹೋಗೋ ಸಿಗ್ನಲ್ ಕಮ್ಮಿ ಮಾಡಿ ಸರಿಮಾಡಿದೀನಿ.”

“ಅಯ್ಯೋ, ಅದು ಫಾಲ್ಟಲ್ಲ! ಹಳೇ ಬ್ರಿಟಿಷ್ ರಾಕ್ ದನಿ ಅಂದ್ರೆ ಅದೇ. ವಾಲ್ಯೂಮ್ ಪೂರ್ತಿ ಏರಿಸಿ ವಾಲ್ವುಗಳನ್ನ ಶಕ್ತಿ ಮೀರಿ ದುಡಿಸ್ಬೇಕು. ಆಗ ದನಿ ಒಡೆದು, ಮಂದ್ರಕ್ಕೂ ತಾರಕ್ಕೂ ನಡುವಿನ ಸ್ವರಗಳು ಎದೆಗೆ ಗುದ್ದೋ ಹಾಗೆ ಮುಂದೆ ಬರ್ತವೆ.”

ರಂಗಣ್ಣ ಕನ್ನಡಕ ತೆಗೆದರು. “ಶಕ್ತಿ ಮೀರಿ ದುಡಿಸ್ತೀಯಾ? ಎಂಟು ಗಂಟೆಗಿಂತ ಜಾಸ್ತಿ ಯಾರನ್ನೂ ದುಡಿಸ್ಬಾರ್ದು ಅಂತ ನಂಗೆ ಕರಪತ್ರ ಕೊಟ್ಟೋಳು ನೀನೇ ತಾನೇ?”

“ಇವತ್ತೊಂದು ಸಂಜೆ ಓವರ್‌ಟೈಮ್ ಅಂದ್ಕೊಂಡು ಮೊದಲಿನ ಹಾಗೇ ಮಾಡ್ಕೊಡಿ ರಂಗಣ್ಣ,” ಎಂದು ಕೈಮುಗಿದೆ.

ನಗುತ್ತಲೇ ಅವರು ಸಿಗ್ನಲ್ ತಗ್ಗಿಸಲು ತಾವು ಹಾಕಿದ್ದ ರೆಸಿಸ್ಟರ್ ಕಿತ್ತರು. ನಾನು ವಾಲ್ಯೂಮ್ ಪೂರ್ತಿ ಏರಿಸಿ ಮೀಟಿದೆ. ಶೋಕೇಸಿನ ಗಾಜು ಅದುರಿತು, ಎದುರಿನ ಟೀ ಅಂಗಡಿಯವರು ಲೋಟ ಹಿಡಿದೇ ಎದ್ದುಬಂದರು. ರಂಗಣ್ಣ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕಣ್ಣರಳಿಸಿದರು.

“ಚೆನ್ನಾಗೈತೆ ಕಣಮ್ಮ! ಆದ್ರೆ ಎರಡು ಹಾಡಿಗೊಂದ್ಸಲ ಆ ವಾಲ್ವುಗಳಿಗೂ ರೆಸ್ಟ್ ಕೊಡ್ಬೇಕು. ಒಪ್ಪಿದ್ರೆ ತಗೊಂಡೋಗು.”

ಒಪ್ಪಿದೆ. ಜೀವನದಲ್ಲಿ ಮೊದಲ ಸಲ ಮಾಲೀಕರ ಜಾಗದಲ್ಲಿ ಕೂತು, ದುಡಿಯುವ ವಾಲ್ವುಗಳ ಪರ ನಿಂತ ರಂಗಣ್ಣನವರ ಜೊತೆ ಮಾತುಕತೆ ನಡೆಸಿದೆ. ಸೋತದ್ದಕ್ಕೆ ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.